ಚೆಂಡು ಬಲಕ್ಕೇ ಓಡುತ್ತಿದೆಯೇ?



ವಾರವಿಡೀ ದುಡಿದು, ಭಾನುವಾರ ಬೆಳಿಗ್ಗೆ ವಿಶಾಖಪಟ್ಟಣದ ಈಸ್ಟ್ ಪಾಯಿಂಟ್ ಗಾಲ್ಫ್ ಕ್ಲಬ್‌ಗೆ ಹೋಗಿದ್ದೀರಿ. ವಿಜಯವಾಡದವರಾದರೆ ಸುಮಾರು 350 ಕಿ.ಮೀ. ಪ್ರಯಾಣ ಬೇರೆ. ಅಷ್ಟಾಗಿಯೂ ಮೊದಲ ಹೊಡೆತಕ್ಕೇ ಚೆಂಡು ಕುಡುಗೋಲಿನ ಹಾಗೆ ಬಲಕ್ಕೆ ಬಾಗಿ ಪೊದೆ ಸೇರಿದರೆ ಹೇಗಾಗಬೇಡ! ಇದೇ ‘ಸ್ಲೈಸ್’. ಇದರಿಂದ ಬೇಸತ್ತು ಕಿಟ್ ಅನ್ನು ಅಟ್ಟಕ್ಕೇರಿಸಿದವರುಂಟು. ನೀವು ಹಾಗೆ ಮಾಡಬೇಡಿ.

ಕ್ಲಬ್ ಮತ್ತು ಚೆಂಡು ತಾಗಿರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ. ಆ ಕ್ಷಣದಲ್ಲಿ ಕ್ಲಬ್‌ನ ಮುಖ ಎತ್ತ ನೋಡುತ್ತಿದೆಯೋ, ಬಹುಮಟ್ಟಿಗೆ ಅತ್ತಲೇ ಚೆಂಡು ಹೊರಡುತ್ತದೆ. ಕ್ಲಬ್ ಸಾಗುವ ದಾರಿಗಿಂತ ಮುಖ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ. (ಎಡಗೈ ಆಟಗಾರರು ಎಲ್ಲವನ್ನೂ ತಿರುಗಿಸಿ ಓದಿಕೊಳ್ಳಿ.)

ಹಾಗಾಗಿ ಮೊದಲು ಚೆಂಡನ್ನೇ ಗಮನಿಸಿ. ಎಡಕ್ಕೆ ಹೊರಟು ಬಲಕ್ಕೆ ಬಾಗಿದರೆ ದೋಷ ನಿಮ್ಮ ಬೀಸಿನ ದಾರಿಯಲ್ಲಿದೆ. ಬಲಕ್ಕೇ ಹೊರಟು ಇನ್ನೂ ಬಲಕ್ಕೆ ಹೋದರೆ ಹಿಡಿತವನ್ನು ಅನುಮಾನಿಸಿ.

ಹಿಡಿತ: ಕೆಳಗೆ ನೋಡಿದಾಗ ಎಡಗೈಯ ಎರಡು ಗೆಣ್ಣುಗಳಾದರೂ ಕಾಣಬೇಕು. ಕ್ಲಬ್ಬನ್ನು ಹಿಸುಕಬೇಡಿ.

ನಿಲುವು: ಚೆಂಡು ಬಲಕ್ಕೆ ಹೋಗುತ್ತದೆಂದು ನಾವು ಎಡಕ್ಕೆ ತಿರುಗಿ ನಿಲ್ಲುತ್ತೇವೆ. ಆಗ ಬೀಸು ಇನ್ನಷ್ಟು ಹೊರಗಿನಿಂದ ಒಳಕ್ಕೆ ಬಂದು ಸ್ಲೈಸ್ ಹೆಚ್ಚುತ್ತದೆ! ನೆಲದಲ್ಲೊಂದು ಕ್ಲಬ್ ಇಟ್ಟು ಪಾದ, ಭುಜಗಳನ್ನು ಅದಕ್ಕೆ ಸಮಾನಾಂತರವಾಗಿಡಿ.

ಬೀಸು: ಕೆಳಗಿಳಿಯುವಾಗ ಭುಜ ಮುನ್ನುಗ್ಗಬಾರದು, ಸೊಂಟ ಮೊದಲು ತಿರುಗಲಿ. ಚೆಂಡಿನ ಆಚೆ ಬದಿಯಲ್ಲಿ, ಸ್ವಲ್ಪ ಹಿಂದಕ್ಕೆ, ಖಾಲಿ ರಟ್ಟಿನ ಡಬ್ಬಿ ಇಡಿ. ಡಬ್ಬಿಗೆ ತಾಗದೆ ಹೊಡೆಯಲು ಕಲಿತರೆ ದಾರಿ ತಾನಾಗಿ ಸರಿಹೋಗುತ್ತದೆ. ಮೊದಲು 7ನೇ ಐರನ್‌ನಲ್ಲಿ ಅರ್ಧ ಬೀಸು, ಆಮೇಲೆ ಡ್ರೈವರ್. ಡ್ರೈವರ್‌ನ ಮುಖದ ಇಳಿಜಾರು ಕಡಿಮೆ. ಆದ್ದರಿಂದ ಐರನ್‌ನಲ್ಲಿ ಅಡಗುವ ತಪ್ಪು ಅಲ್ಲಿ ಬಯಲಾಗುತ್ತದೆ.

ವಿಶಾಖಪಟ್ಟಣದವರಿಗೆ ಒಂದು ಕಿವಿಮಾತು: ಎದುರುಗಾಳಿಯಲ್ಲಿ ಸ್ಲೈಸ್ ದುಪ್ಪಟ್ಟಾದಂತೆ ಕಾಣುತ್ತದೆ. ಮಧ್ಯಾಹ್ನದ ಕಡಲಗಾಳಿಯಲ್ಲಿ ನಿಮ್ಮನ್ನು ನೀವೇ ಅಳೆದುಕೊಳ್ಳಬೇಡಿ. ಬೆಳಗಿನ ಹೊತ್ತು ಅಭ್ಯಾಸ ಮಾಡಿ.

ದೂರ ಹೊಡೆಯಲೇಬೇಕೆಂಬ ಹಟವೂ ಬೇಡ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಕಂಚು ತಪ್ಪಿ 4ನೇ ಸ್ಥಾನ ಪಡೆದರು. ಅಲ್ಲಿದ್ದ ಎಷ್ಟೋ ಮಂದಿ ಅವರಿಗಿಂತ ದೂರ ಹೊಡೆಯುತ್ತಿದ್ದರು. ಅದಿತಿಯವರನ್ನು ಕಾಯ್ದದ್ದು ನೇರ ಆಟ, ನಿಖರ ಪಟ್ಟಿಂಗ್.

ಕಿಟ್ ಅಟ್ಟದಿಂದ ಇಳಿಸಿದಿರಾ? ಮುಂದಿನ ಭಾನುವಾರದ ಮೊದಲ ಚೆಂಡು ನೇರ ಹೋಗಲಿ. ಹೋದರೆ ನಮಗೂ ತಿಳಿಸಿ!