ಹಳೆಯ ಬೈಕಿನ ತುಕ್ಕು ಉಜ್ಜುವ ಮುನ್ನ

ಅಪ್ಪನೋ ಅಜ್ಜನೋ ಓಡಿಸುತ್ತಿದ್ದ ಜಾವಾ ಅಥವಾ ಯೆಜ್ದಿ ಬೈಕು ಹಿತ್ತಲ ಷೆಡ್ಡಿನಲ್ಲಿ ಗೋಣಿತಾಟು ಹೊದ್ದು ನಿಂತಿರುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. 1961ರಲ್ಲಿ ತಯಾರಿಕೆ ಆರಂಭಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿಂದ ಹೊರಬಂದ ಬೈಕುಗಳ ಮೇಲಿನ ಮೋಹ ಮಾತ್ರ ಕಡಿಮೆಯಾಗಿಲ್ಲ. ಬೈಕನ್ನು ಬಿಚ್ಚಿ, ತುಕ್ಕು ತೆಗೆದು, ಟ್ಯಾಂಕಿನ ಪಕ್ಕಗಳು ಮೊದಲಿನಂತೆ ಕನ್ನಡಿಯಾಗಿ ಹೊಳೆಯುವಂತೆ ಮಾಡುವುದು ಒಳ್ಳೆಯ ಹವ್ಯಾಸವೇ. ಆದರೆ ಈ ಕೆಲಸ ನಡೆಯುವುದು ಸಾಮಾನ್ಯವಾಗಿ ಮನೆಯ ಜಗಲಿಯಲ್ಲಿ, ಬಚ್ಚಲಲ್ಲಿ, ಮಕ್ಕಳು ಓಡಾಡುವ ಅಂಗಳದಲ್ಲಿ. ವೈದ್ಯರು ಚಿಂತಿಸಬೇಕಾದುದು ಇಲ್ಲಿಯೇ.

ಮೊದಲು ಕಣ್ಣಿನ ಮಾತು. ತಂತಿ ಬ್ರಷ್ ಸಿಕ್ಕಿಸಿದ ಡ್ರಿಲ್ ಅಥವಾ ಗ್ರೈಂಡರ್‌ನಿಂದ ಚಿಮ್ಮುವ ಕಬ್ಬಿಣದ ಚೂರು ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಗೆ ಅಂಟಿಕೊಂಡರೆ, ಒಂದೆರಡು ದಿನಗಳೊಳಗೆ ಅದರ ಸುತ್ತ ತುಕ್ಕಿನ ಉಂಗುರವೇ ಮೂಡುತ್ತದೆ. ಇದನ್ನು ಕಣ್ಣಿನ ವೈದ್ಯರು ತೆಗೆಯಬೇಕೇ ಹೊರತು ಗೆಳೆಯರು ಕರವಸ್ತ್ರದ ತುದಿಯಿಂದಲ್ಲ. ಅತಿವೇಗದಿಂದ ಬಂದ ಚೂರು ಹೆಚ್ಚು ನೋವಿಲ್ಲದೆ ಕಣ್ಣಿನ ಒಳಕ್ಕೇ ಹೊಕ್ಕುಬಿಡಬಹುದು. ಕೆಂಪು ಇಳಿಯಿತೆಂದು ಸುಮ್ಮನಿದ್ದರೆ, ಒಳಗೆ ಉಳಿದ ಕಬ್ಬಿಣ ತಿಂಗಳುಗಳ ನಂತರ ಅಕ್ಷಿಪಟಲವನ್ನು ಹಾಳುಮಾಡಿ ದೃಷ್ಟಿಯನ್ನೇ ಕಸಿಯಬಲ್ಲದು. ಹೀಗೆ ಪೆಟ್ಟಾದವರು ಕಣ್ಣುಜ್ಜದೆ ಕೂಡಲೇ ವೈದ್ಯರನ್ನು ಕಾಣಬೇಕು. ಯಾವ ಕೆಲಸ ಮಾಡುತ್ತಿದ್ದೆವೆಂದು ತಪ್ಪದೆ ಹೇಳಬೇಕು. ಕಣ್ಣಲ್ಲಿ ಲೋಹವಿದ್ದಾಗ ಎಂಆರ್‌ಐ ಯಂತ್ರದ ಅಯಸ್ಕಾಂತ ಅದನ್ನು ಅಲುಗಿಸಿ ಅನಾಹುತ ಮಾಡೀತು. ಸಾಧಾರಣ ಕನ್ನಡಕ ಇಲ್ಲಿ ಸಾಲದು, ಪಕ್ಕಗಳೂ ಮುಚ್ಚುವ ರಕ್ಷಣಾ ಕನ್ನಡಕವೇ ಬೇಕು.

ತುಕ್ಕು ಬಿಡಿಸಲು ಹಲವರು ಕೈಹಾಕುವುದು ಶೌಚಾಲಯ ತೊಳೆಯುವ ಆಸಿಡ್‌ಗೆ. ಇದರ ಹೊಗೆ ಮೂಗು, ಗಂಟಲು, ಶ್ವಾಸಕೋಶಗಳನ್ನು ಕೆರಳಿಸುತ್ತದೆ; ಆಸ್ತಮಾ ಇರುವವರಿಗಂತೂ ತೀರ ಕೆಟ್ಟದ್ದು. ಇದರೊಂದಿಗೆ ಬ್ಲೀಚಿಂಗ್ ಪುಡಿ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಸ್ಪ್ರಿಂಗು ಮತ್ತು ಗಟ್ಟಿ ಉಕ್ಕಿನ ಬೋಲ್ಟುಗಳನ್ನು ಆಸಿಡ್‌ನಲ್ಲಿ ನೆನೆಸಿದರೆ ಅವು ಪೆಡಸಾಗಿ, ಮುಂದೆ ರಸ್ತೆಯಲ್ಲಿ ತುಂಡಾಗುವ ಭಯವೂ ಉಂಟು. ನಮ್ಮ ಅಜ್ಜಿಯರು ಹಿತ್ತಾಳೆ ಪಾತ್ರೆಗೆ ಹುಣಿಸೆಹಣ್ಣು ತಿಕ್ಕುತ್ತಿದ್ದುದರ ಹಿಂದಿನ ರಸಾಯನ ಶಾಸ್ತ್ರ ಇಲ್ಲೂ ನಡೆಯುತ್ತದೆ: ಸಣ್ಣ ಭಾಗಗಳನ್ನು ನಿಂಬೆ ಉಪ್ಪಿನ ನೀರಿನಲ್ಲಿ ಕೆಲವು ಗಂಟೆ ನೆನೆಸಿ, ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಸವರಿದರೆ ಸಾಕು. ನಿಧಾನವಾದರೂ ನಂಬಬಹುದಾದ ದಾರಿ.

ವಾಷಿಂಗ್ ಸೋಡಾ ನೀರಿನಲ್ಲಿ ಬ್ಯಾಟರಿ ಚಾರ್ಜರ್‌ನಿಂದ ವಿದ್ಯುತ್ ಹಾಯಿಸಿ ತುಕ್ಕು ತೆಗೆಯುವುದೂ ಉಂಟು. ಚಾರ್ಜರಿನ ಧನ ತುದಿಗೆ ಸಿಕ್ಕಿಸುವ ತುಂಡು ಮಾತ್ರ ಸ್ಟೇನ್‌ಲೆಸ್ ಸ್ಟೀಲಿನದಾಗಿರಕೂಡದು, ಅಡುಗೆಮನೆಯ ಹಳೆ ಚಮಚವೂ ಬೇಡ. ಅದರಲ್ಲಿರುವ ಕ್ರೋಮಿಯಂ ಆರು ವೇಲೆನ್ಸಿಯ ವಿಷರೂಪಕ್ಕೆ ತಿರುಗಿ ನೀರಿನಲ್ಲಿ ಕರಗುತ್ತದೆ. ಸಾಮಾನ್ಯ ಕಬ್ಬಿಣವೇ ಸರಿ. ಜಲಜನಕ ಹೊರಬರುವುದರಿಂದ ಈ ಕೆಲಸ ಬಯಲಲ್ಲಿ, ಬೆಂಕಿಯಿಂದ ದೂರವಿರಲಿ.

ಕ್ರೋಮ್ ಲೇಪನದ ತೊಟ್ಟಿಯಲ್ಲಿರುವುದೂ ಬಹುತೇಕ ಇದೇ ವಿಷರೂಪದ ಕ್ರೋಮಿಯಂ. ತೊಟ್ಟಿಯ ಹಬೆಯನ್ನು ವರ್ಷಗಟ್ಟಲೆ ಉಸಿರಾಡಿದ ಕೆಲಸಗಾರರಲ್ಲಿ ಮೂಗಿನ ನಡುಗೋಡೆ ತೂತಾಗುವುದು, ಕೈಗಳ ಮೇಲೆ ಹೆಚ್ಚು ನೋವಿಲ್ಲದ ಆಳದ ಹುಣ್ಣುಗಳಾಗುವುದು ಕಂಡುಬಂದಿದೆ; ಶ್ವಾಸಕೋಶದ ಕ್ಯಾನ್ಸರ್‌ಗೂ ಇದು ಕಾರಣವೆಂದು ಸಿದ್ಧಪಟ್ಟಿದೆ. ಆದುದರಿಂದ ಕ್ರೋಮ್ ಲೇಪನವನ್ನು ಮನೆಯಲ್ಲಿ ಪ್ರಯತ್ನಿಸಲೇಬೇಡಿ. ಹೊಗೆ ಹೀರುವ ವ್ಯವಸ್ಥೆಯಿರುವ ಕಾರ್ಖಾನೆಗೆ ಕೊಡಿ, ನಾಲ್ಕು ಕಾಸು ಹೆಚ್ಚಾದರೂ ಚಿಂತೆಯಿಲ್ಲ.

ಇನ್ನು ಬಣ್ಣದ ವಿಷಯ. ಮನೆಗೆ ಹಚ್ಚುವ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಬಂದುದೇ 2016ರಲ್ಲಿ. ಹಾಗಿರುವಾಗ ನಲವತ್ತು ಐವತ್ತು ವರ್ಷ ಹಿಂದಿನ ವಾಹನದ ಕೆಂಪು, ಹಳದಿ ಬಣ್ಣಗಳಲ್ಲೂ ಅಡಿಲೇಪದಲ್ಲೂ ಸೀಸವಿದೆಯೆಂದೇ ತಿಳಿದು ನಡೆಯುವುದು ಜಾಣತನ. ಒಣ ಉಪ್ಪುಕಾಗದದಿಂದ ಉಜ್ಜಿದಾಗ ಏಳುವ ಧೂಳು ಜಗಲಿಯ ನೆಲಕ್ಕೆ, ಅಲ್ಲಿಂದ ಅಂಬೆಗಾಲಿಡುವ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಸೇರುತ್ತದೆ. ದೊಡ್ಡವರಿಗಿಂತ ಮಕ್ಕಳ ಕರುಳು ಸೀಸವನ್ನು ಹಲವು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಬೆಳೆಯುವ ಮಿದುಳಿಗೆ ಆಗುವ ಹಾನಿಯನ್ನು ಮತ್ತೆ ಸರಿಪಡಿಸಲಾಗದು. ಹೊರಗೆ ಯಾವ ಲಕ್ಷಣವೂ ಕಾಣದಿರಬಹುದು. ಮನೆಯಲ್ಲಿ ಚಿಕ್ಕ ಮಕ್ಕಳು, ಗರ್ಭಿಣಿಯರು ಇದ್ದರೆ ಈ ಕೆಲಸವನ್ನು ಬೇರೆಡೆಗೆ ಸಾಗಿಸಿ. ನೀರು ಹಾಕಿಯೇ ಉಜ್ಜಿ, ಕೆಸರನ್ನು ಒರೆಸಿ ತೆಗೆಯಿರಿ, ಪೊರಕೆ ಆಡಿಸಬೇಡಿ. ಕೆಲಸದ ಬಟ್ಟೆ ಬೇರೆಯಾಗಿ ಒಗೆಯಿರಿ, ಸ್ನಾನ ಮಾಡಿದ ಮೇಲೆಯೇ ಮಗುವನ್ನು ಎತ್ತಿಕೊಳ್ಳಿ. ಸಂದೇಹವಿದ್ದರೆ ರಕ್ತದಲ್ಲಿ ಸೀಸದ ಪ್ರಮಾಣ ಪರೀಕ್ಷಿಸಬಹುದು. ಒಂದು ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೀಸದ ಮೂಲ ಹುಡುಕಿ ಕ್ರಮ ಕೈಗೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ.

ಉಜ್ಜುವ ಬದಲು ಬಣ್ಣ ಕಳಚುವ ದ್ರಾವಣ ಬಳಸುವವರು ಡಬ್ಬಿಯ ಮೇಲೆ ಮೆಥಿಲೀನ್ ಕ್ಲೋರೈಡ್ ಎಂದಿದೆಯೇ ನೋಡಬೇಕು. ಇದರ ಆವಿ ಗಾಳಿಗಿಂತ ಭಾರ. ಮುಚ್ಚಿದ ಕೋಣೆಯಲ್ಲಿ ಅದು ಪ್ರಜ್ಞೆ ತಪ್ಪಿಸುತ್ತದೆ. ಜತೆಗೆ ದೇಹದೊಳಗೆ ಇಂಗಾಲದ ಮೊನಾಕ್ಸೈಡ್ ಆಗಿ ಮಾರ್ಪಡುವುದರಿಂದ ಹೃದ್ರೋಗಿಗಳಿಗೆ ಇಮ್ಮಡಿ ಅಪಾಯ. ಅಮೆರಿಕದಲ್ಲಿ ಹಲವರು ಸತ್ತ ಮೇಲೆ, 2019ರಲ್ಲಿ ಇಂಥ ದ್ರಾವಣವನ್ನು ಸಾಮಾನ್ಯ ಗ್ರಾಹಕರಿಗೆ ಮಾರುವುದನ್ನು ನಿಷೇಧಿಸಲಾಯಿತು. ಮೂಗಿಗೆ ಕಟ್ಟಿದ ಬಟ್ಟೆಯಾಗಲಿ ಧೂಳಿನ ಮಾಸ್ಕ್ ಆಗಲಿ ಇದನ್ನು ತಡೆಯವು.

ಹಳೆಯ ನಟ್ಟು ಬೋಲ್ಟುಗಳಿಗೆ ಕ್ಯಾಡ್ಮಿಯಂ ಲೇಪನ ಇರುವುದುಂಟು. ಬಿಗಿದ ಬೋಲ್ಟನ್ನು ಸಡಿಲಿಸಲು ಗ್ಯಾಸ್ ಜ್ವಾಲೆ ಹಿಡಿದರೆ ಬರುವ ಹೊಗೆ ಆಗ ಬರೀ ಕೆಮ್ಮು, ಜ್ವರವೆನಿಸಿ, ಒಂದೆರಡು ದಿನದಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿಸಬಲ್ಲದು. ಹಳೆಯ ಬ್ರೇಕ್ ಷೂಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಬಾಯಿಂದಾಗಲಿ ಗಾಳಿ ಪಂಪಿನಿಂದಾಗಲಿ ಊದಬೇಡಿ, ಒದ್ದೆಬಟ್ಟೆಯಿಂದ ಒರೆಸಿ.

ತುಕ್ಕು ತಾಗಿದರೆ ಧನುರ್ವಾಯು ಬರುತ್ತದೆಂಬ ನಂಬಿಕೆಯ ಬಗ್ಗೆ ಅನೇಕರು ಕೇಳುತ್ತಾರೆ. ರೋಗಕ್ಕೆ ಕಾರಣ ತುಕ್ಕಲ್ಲ, ಮಣ್ಣು ಸಗಣಿಯಲ್ಲಿರುವ ಸೂಕ್ಷ್ಮಾಣುಗಳು. ಆದರೆ ಷೆಡ್ಡಿನಲ್ಲಿ ಬಿದ್ದಿದ್ದ ಬೈಕಿನ ಮೈಗೆ ಮಣ್ಣು ಸಗಣಿ ಮೆತ್ತಿರದೆ ಇರುತ್ತದೆಯೇ? ಗಾಯವನ್ನು ಸೋಪು ನೀರಿನಿಂದ ಚೆನ್ನಾಗಿ ತೊಳೆಯಿರಿ. ಕೊನೆಯ ಚುಚ್ಚುಮದ್ದು ಪಡೆದು ಐದು ವರ್ಷ ಮೀರಿದ್ದರೆ, ಅಥವಾ ಎಂದು ಪಡೆದೆವೆಂಬುದು ನೆನಪಿಲ್ಲದಿದ್ದರೆ, ಅದೇ ದಿನ ವೈದ್ಯರ ಬಳಿ ಹೋಗಿ.