ಕಡತದಲ್ಲಿ ಇಲ್ಲದವರ ಕಥೆ

ವಿಕ್ಟೋರಿಯಾ ರಾಣಿ ಬ್ರಿಟನ್ನನ್ನು ಆಳಿದ್ದು 1837ರಿಂದ 1901ರವರೆಗೆ. ರೈಲು, ತಂತಿ, ಡಾರ್ವಿನ್ನನ ವಿಕಾಸವಾದ ಬೆಳೆದ ಆ ಕಾಲದಲ್ಲೇ ಮರ್ಯಾದಸ್ಥರ ಮನೆಗಳಲ್ಲಿ ಕಾಮದ ಮಾತು ನಿಷಿದ್ಧವಾಗಿತ್ತು. ಹಾಗಾದರೆ ಅಂದಿನವರ ಒಳಬದುಕು ಇಂದು ನಮಗೆ ತಿಳಿಯುವುದು ಹೇಗೆ?

ಮೊದಲು ಸರ್ಕಾರಿ ಕಡತಗಳನ್ನು ನೋಡೋಣ. ಗಂಡಸರ ನಡುವಿನ ಸಂಬಂಧ ಖಾಸಗಿಯಾಗಿದ್ದರೂ ಅಪರಾಧವೆಂದು 1885ರ ಕಾನೂನು ಸಾರಿತು. ಅದರಡಿ 1895ರಲ್ಲಿ ಲೇಖಕ ಆಸ್ಕರ್ ವೈಲ್ಡ್‌ಗೆ ಎರಡು ವರ್ಷ ಕಠಿಣ ಸಜೆಯಾಯಿತು. ಆ ಕಲಂ ಹೆಂಗಸರನ್ನು ಹೆಸರಿಸಲೇ ಇಲ್ಲ. ಹೀಗಾಗಿ ಹೆಣ್ಣನ್ನು ಪ್ರೀತಿಸಿದ ಹೆಣ್ಣು ಕೋರ್ಟಿನ ದಾಖಲೆಗಳಲ್ಲಿ ಸಿಗುವುದು ಅಪರೂಪ. ಶಿಕ್ಷೆಯಿಂದ ಪಾರಾದವಳು ಚರಿತ್ರೆಯಿಂದಲೂ ಹೊರಗುಳಿದಳು.

ಅಂಥವರು ಇರಲೇ ಇಲ್ಲವೇ? ಇದ್ದರು. ಯಾರ್ಕ್‌ಷೈರಿನ ಜಮೀನ್ದಾರಿಣಿ ಆನ್ ಲಿಸ್ಟರ್ 1840ರಲ್ಲಿ ತೀರಿಕೊಂಡಳು. ತನ್ನ ಪ್ರೇಮದ ಸಂಗತಿಗಳನ್ನು ಆಕೆ ದಿನಚರಿಯಲ್ಲಿ ಗ್ರೀಕ್ ಅಕ್ಷರ, ಬೀಜಗಣಿತದ ಚಿಹ್ನೆ ಬೆರೆಸಿದ ಗುಪ್ತಲಿಪಿಯಲ್ಲಿ ಬರೆದಿಟ್ಟಿದ್ದಳು. ಆ ಭಾಗಗಳು ಪುಸ್ತಕವಾಗಿ ಓದುಗರ ಕೈಸೇರಿದ್ದು 1988ರಲ್ಲಿ!

ಇಂಥ ದಿನಚರಿ ಎಲ್ಲರೂ ಬಿಟ್ಟುಹೋಗಲಿಲ್ಲ. ಅಲ್ಲಿ ಕಾದಂಬರಿಕಾರರ ಕೆಲಸ ಶುರುವಾಗುತ್ತದೆ. ಸಾರಾ ವಾಟರ್ಸ್ ಅವರ 'ಫಿಂಗರ್‌ಸ್ಮಿತ್' (2002) ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಕಳ್ಳರ ನಡುವೆ ಬೆಳೆದ ಸೂ, ಸಿರಿವಂತರ ಮನೆಯ ಮಾಡ್ ಎಂಬ ಇಬ್ಬರು ಹುಡುಗಿಯರಿದ್ದಾರೆ. ಮಾಡ್‌ಳ ಮಾವ ದೊಡ್ಡ ವಿದ್ವಾಂಸ. ಆದರೆ ಆತ ಕೂಡಿಹಾಕಿದ್ದು ಅಶ್ಲೀಲ ಪುಸ್ತಕಗಳನ್ನು. ಅವನ್ನು ಗಂಡಸರ ಮುಂದೆ ಗಟ್ಟಿಯಾಗಿ ಓದುವುದು ಆ ಹುಡುಗಿಯ ಕೆಲಸ. ಹೊರಗೆ ಮಡಿ, ಒಳಗೆ ಈ ವ್ಯಾಪಾರ! ಇದು ಬರಿಯ ಕಲ್ಪನೆಯಲ್ಲ. ಹೆನ್ರಿ ಸ್ಪೆನ್ಸರ್ ಆಶ್‌ಬಿ ಎಂಬಾತ 1877ರಲ್ಲಿ ಇಂಥ ಪುಸ್ತಕಗಳ ದೊಡ್ಡ ಪಟ್ಟಿಯನ್ನೇ ಗುಪ್ತನಾಮದಲ್ಲಿ ಅಚ್ಚುಹಾಕಿಸಿದ್ದ. ಅಂದರೆ ಮಾತು ಎಲ್ಲರಿಗೂ ನಿಷಿದ್ಧವಾಗಿರಲಿಲ್ಲ. ಗಂಡಸು ಬರೆದ, ಹೆಣ್ಣು ಬಾಯಿಮುಚ್ಚಿದಳು. ವಾಟರ್ಸ್ ಇಡೀ ಕಥೆಯನ್ನು ಆ ಇಬ್ಬರು ಹುಡುಗಿಯರ ಬಾಯಿಂದಲೇ ಹೇಳಿಸುತ್ತಾರೆ.

ಆದರೂ ಒಂದು ಎಚ್ಚರ ಬೇಕು. ಕಾದಂಬರಿ ಸಾಕ್ಷ್ಯವಲ್ಲ. ಆಶ್‌ಬಿಯ ಪಟ್ಟಿ ದಾಖಲೆ; ಸೂ ಮತ್ತು ಮಾಡ್ ಊಹೆ. ಇಂದಿನ ಆಲೋಚನೆಗಳನ್ನು ಅಂದಿನವರ ತಲೆಗೆ ತುಂಬುವ ಅಪಾಯವೂ ಇದ್ದೇ ಇದೆ. ಓದುವಾಗ ಎರಡನ್ನೂ ಬೇರ್ಪಡಿಸಿ ನೋಡಿ.

ಇದು ದೂರದೇಶದ ಹಳೆಯ ಸಂಗತಿ ಎನ್ನುವಂತಿಲ್ಲ. ಅದೇ ಬ್ರಿಟಿಷರು 1860ರಲ್ಲಿ ರಚಿಸಿದ ಭಾರತೀಯ ದಂಡಸಂಹಿತೆಯ 377ನೇ ಕಲಂ ಇಲ್ಲಿಯೂ ಇಂಥ ಸಂಬಂಧವನ್ನು ಅಪರಾಧವಾಗಿಸಿತ್ತು. ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ನಮ್ಮ ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು 2018ರ ಸೆಪ್ಟೆಂಬರ್ 6ರಂದು. ಆ ನೂರೈವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ನಮ್ಮ ಊರುಗಳಲ್ಲಿ ಯಾರ ಕಥೆಗಳು ಹೇಳದೆ ಉಳಿದಿರಬಹುದು? ಯೋಚಿಸಿ ನೋಡಿ.