ವಿರಾಮವರಿಯದ ಮೆದುಳು

ಆಳಂದ ತಾಲೂಕಿನ ಹಿರೋಳ್ಳಿಯಲ್ಲಿ ತೊಗರಿಯ ಹೊಲದಿಂದ ಹಿಂದಿರುಗಿದ ರೈತನೊಬ್ಬನು ಬೇವಿನ ಮರದ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದಾನೆ ಎನ್ನೋಣ. ಅವನ ಕೈಕಾಲುಗಳಿಗೆ ಬಿಡುವು ದೊರೆತಿದೆ. ಮೆದುಳಿಗೆ? ದೇಹದ ತೂಕದಲ್ಲಿ ಸುಮಾರು ನೂರಕ್ಕೆ 2 ಪಾಲಿನಷ್ಟೇ ಇರುವ ಈ ಅಂಗವು, ದೇಹವು ವಿಶ್ರಮಿಸುವಾಗಲೂ ಅದರ ಶಕ್ತಿಯಲ್ಲಿ ಸುಮಾರು ನೂರಕ್ಕೆ 20 ಪಾಲನ್ನು ಬಳಸುತ್ತದೆ. ಕಠಿಣವಾದ ಲೆಕ್ಕವೊಂದನ್ನು ಬಿಡಿಸತೊಡಗಿದರೂ ಈ ವೆಚ್ಚವು ಹೆಚ್ಚುವುದು ತೀರ ಅಲ್ಪ. ಹಾಗಾದರೆ ಸುಮ್ಮನಿರುವಾಗ ಮೆದುಳಿನಲ್ಲಿ ನಡೆಯುವುದಾದರೂ ಏನು?

ಇದನ್ನು ಅರಿಯಲು ತಲೆಯನ್ನು ತೆರೆದು ನೋಡಬೇಕಾಗಿಲ್ಲ. ಆಮ್ಲಜನಕವುಳ್ಳ ರಕ್ತಕ್ಕೂ ಅದನ್ನು ಕಳೆದುಕೊಂಡ ರಕ್ತಕ್ಕೂ ಕಾಂತಗುಣದಲ್ಲಿ ಭೇದವುಂಟು. ಈ ಭೇದವನ್ನು ಎಂ.ಆರ್.ಐ. ಯಂತ್ರದಿಂದ ಗುರುತಿಸಬಹುದೆಂದು 1990ರಲ್ಲಿ ಸೈಜಿ ಒಗಾವಾ ಎಂಬ ಜಪಾನೀ ವಿಜ್ಞಾನಿಯು ತೋರಿಸಿದರು. ಮೊದಮೊದಲು ಸಂಶೋಧಕರು ಯಂತ್ರದೊಳಗೆ ಮಲಗಿದವರಿಗೆ ಬೆರಳಾಡಿಸುವಂತಹ ಕೆಲಸವನ್ನು ಕೊಟ್ಟು, ಆಗ ಮೆದುಳಿನ ಯಾವ ಭಾಗವು ಚುರುಕಾಗುವುದೆಂದು ನೋಡುತ್ತಿದ್ದರು. ಸುಮ್ಮನಿರುವಾಗ ಕಾಣುವ ಏರಿಳಿತಗಳನ್ನು ಕಸವೆಂದು ಬದಿಗಿರಿಸುತ್ತಿದ್ದರು. 1995ರಲ್ಲಿ ಅಮೆರಿಕದಲ್ಲಿದ್ದ ಭರತ್ ಬಿಸ್ವಾಲ್ ಮತ್ತು ಅವರ ಸಂಗಡಿಗರು ಆ ಕಸವನ್ನೇ ಪರೀಕ್ಷಿಸಿದರು. ಕೈ ಅಲುಗದಿದ್ದಾಗಲೂ, ಎಡಗೈ ಬಲಗೈಗಳನ್ನು ಆಳುವ ಮೆದುಳಿನ ಎರಡು ಪಾರ್ಶ್ವದ ಭಾಗಗಳು ಒಟ್ಟಾಗಿ ಏರಿ ಒಟ್ಟಾಗಿ ಇಳಿಯುತ್ತಿದ್ದವು! ಒಂದೊಂದು ಏರಿಳಿತಕ್ಕೂ ಹತ್ತು ಸೆಕೆಂಡುಗಳಿಗೆ ಮಿಗಿಲಾದ ಕಾಲ. ಹೀಗೆ ಜೊತೆಗೂಡಿ ನಡೆಯುವ ಭಾಗಗಳನ್ನೆಲ್ಲ ಗುರುತಿಸಿದರೆ ಮೆದುಳಿನ ಜಾಲಗಳ ನಕ್ಷೆ ಸಿದ್ಧವಾಗುತ್ತದೆ. ಅನೇಕರು ಇದನ್ನು ಕೂಡಲೆ ನಂಬಲಿಲ್ಲ. ಅವರ ಸಂದೇಹವು ನಿರಾಧಾರವೂ ಅಲ್ಲ. ಉಸಿರಾಟ, ತಲೆಯ ಅಲುಗಾಟಗಳೂ ಇಂತಹುದೇ ಏರಿಳಿತಗಳನ್ನು ಉಂಟುಮಾಡಬಲ್ಲವು. ಅವನ್ನು ಸೋಸಿ ತೆಗೆಯದ ನಕ್ಷೆಯು ಸುಳ್ಳು ಹೇಳುತ್ತದೆ.

ನಮ್ಮ ನಾಡಿನ ಒಂದು ಕಾಯಿಲೆಯ ಅಧ್ಯಯನಕ್ಕೂ ಈ ವಿಧಾನವು ಒದಗಿದೆ. ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ವರದಿಯಾಗಿರುವ ಒಂದು ಬಗೆಯ ಮೂರ್ಛೆರೋಗವು, ತಲೆಯ ಮೇಲೆ ಚೊಂಬಿನಿಂದ ಬಿಸಿನೀರನ್ನು ಸುರಿದುಕೊಳ್ಳುವಾಗ ಕಾಣಿಸಿಕೊಳ್ಳುತ್ತದೆ. ಮೂರ್ಛೆಗೆ ಕೊಡುವ ಔಷಧಿಯೂ ಮೆದುಳಿನ ಜಾಲಗಳನ್ನು ಬದಲಿಸಬಹುದು. ಆಗ ರೋಗದ ಪರಿಣಾಮ ಯಾವುದು, ಮದ್ದಿನ ಪರಿಣಾಮ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಈ ರೋಗಿಗಳಾದರೋ ಸಾಮಾನ್ಯವಾಗಿ ದೀರ್ಘಕಾಲ ಔಷಧಿ ಸೇವಿಸುವವರಲ್ಲ. ಆದುದರಿಂದಲೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಂಶೋಧಕರು ಇವರನ್ನು ಆರಿಸಿಕೊಂಡು, ವಿಶ್ರಾಂತಿಯಲ್ಲಿರುವಾಗ ಮೆದುಳನ್ನು ಪರೀಕ್ಷಿಸಿದರು. ಮೂರ್ಛೆ ಪದೇ ಪದೇ ಬರುವವರ ಜಾಲಗಳು ಅಪರೂಪಕ್ಕೆ ಬರುವವರ ಜಾಲಗಳಿಗಿಂತ ಭಿನ್ನವಾಗಿದ್ದುವೆಂದು 2015ರಲ್ಲಿ ಪ್ರಕಟಿಸಿದರು.

ಆದರೂ, ಸ್ನಾನದ ಮನೆಯಲ್ಲಿ ಕುಸಿದುಬಿದ್ದ ಬಾಲಕನನ್ನು ಕರೆತಂದ ತಾಯಿಗೆ ವೈದ್ಯರು ಮೊದಲು ಕೊಡುವ ಸಲಹೆಯು ಸರಳವಾದುದು: ನೀರಿನ ಬಿಸಿಯನ್ನು ತಗ್ಗಿಸಿರಿ.